ನನ್ನ ಗಂಡನ ತಲೆಯ ಬಗ್ಗೆ ಒಂದು ಮೀಟಿಂಗ್

ರೋಗಿಯ ಜೊತೆ ಯಾರನ್ನೂ ಒಳಗೆ ಬಿಡುವುದಿಲ್ಲ ಎಂದು ಆಸ್ಪತ್ರೆಯ ಬಾಗಿಲಲ್ಲೇ ಹೇಳಿದರು. ಕೋವಿಡ್ ನಿಯಮ. ಮೆದುಳಿನಿಂದ ಗೆಡ್ಡೆ ತೆಗೆಸಿಕೊಂಡು, ಆಡುವ ಮಾತು ಅರ್ಧಕ್ಕೇ ನಿಂತುಹೋಗುವ ಸ್ಥಿತಿಯಲ್ಲಿರುವ ಮನುಷ್ಯ ಒಬ್ಬನೇ ಹೋಗಿ ತನ್ನ ಸ್ಕ್ಯಾನಿನ ಫಲಿತಾಂಶ ಕೇಳಿಸಿಕೊಳ್ಳಬೇಕಂತೆ, ನೆನಪಿಟ್ಟುಕೊಳ್ಳಬೇಕಂತೆ, ಹೊರಗೆ ಬಂದು ಹೆಂಡತಿಗೆ ಹೇಳಬೇಕಂತೆ! ಯಾವ ಮಹಾನುಭಾವ ಮಾಡಿದ ನಿಯಮವೋ. ನಾನು ಡಬ್ಲಿನ್ನಿನ ಆ ಆಸ್ಪತ್ರೆಯ ಕಾರ್ ಪಾರ್ಕಿನಲ್ಲಿ, ಗಾಜಿಗೆಲ್ಲ ಹಬೆ ಕಟ್ಟುವವರೆಗೂ ಅವರನ್ನು ಬೈಯುತ್ತಾ ಕೂತಿದ್ದೆ.

ಅವನು ಬಂದ. ಮಾಸ್ಕನ್ನು ಗದ್ದಕ್ಕೆ ಇಳಿಸಿ ಪಕ್ಕದಲ್ಲಿ ಕೂತ. ಬಲಗೈ ಇನ್ನೂ ಹಿಡಿತಕ್ಕೆ ಬಂದಿರಲಿಲ್ಲವಾದ್ದರಿಂದ ಸೀಟ್ ಬೆಲ್ಟ್ ನಾನೇ ಹಾಕಿದೆ.

"ಏನಂದ್ರು?"

"ಎರಡು ತಿಂಗಳು ಬಿಟ್ಟು... ಇನ್ನೊಂದು... ಅದೇ..." ಎಂದು ತಲೆಯ ಸುತ್ತ ಬೆರಳು ತಿರುಗಿಸಿದ.

"ಸ್ಕ್ಯಾನಾ?"

"ಹ್ಞೂಂ. ಗ್ರ್ಯಾಂಡ್ ಅಂದ್ರು."

ಗ್ರ್ಯಾಂಡ್! ಈ ದೇಶದಲ್ಲಿ ಟೀ ಕುಡಿದರೂ ಗ್ರ್ಯಾಂಡ್, ಕಾಲು ಮುರಿದುಕೊಂಡರೂ ಗ್ರ್ಯಾಂಡ್. ಹದಿನೈದು ವರ್ಷದಿಂದ ಇಲ್ಲಿರುವ ನನಗೆ ಆ ಮಾತಿನ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲ. ಲೀಕ್ಸ್‌ಲಿಪ್‌ನ ಮನೆ ಮುಟ್ಟುವವರೆಗೂ ತುಟಿ ಕಚ್ಚಿಕೊಂಡು ಗಾಡಿ ಓಡಿಸಿದೆ.

ನಾವಿಬ್ಬರೂ ಮೈಸೂರಿನಲ್ಲಿ ಒಂದೇ ಕಾಲೇಜಿನಲ್ಲಿ ಓದಿದವರು, ಅದಕ್ಕೇ ಈ ಅವನು, ಇವನು. ಹಿಂದಿನ ಶರತ್ಕಾಲದಲ್ಲಿ ಮನೆಯಿಂದಲೇ ಆಫೀಸಿನ ಕಾಲ್‌ನಲ್ಲಿ ಮಾತಾಡುತ್ತಿದ್ದವನು ಹಾಗೇ ಕುರ್ಚಿಯಿಂದ ಜಾರಿ ಬಿದ್ದಿದ್ದ. ಫಿಟ್ಸ್. ತಲೆಯ ಎಡಭಾಗದಲ್ಲಿ ಗೆಡ್ಡೆಯಿತ್ತು. ತೆಗೆದರು, ಪೂರ್ತಿ ತೆಗೆಯಲಾಗಲಿಲ್ಲ ಎಂದರು, ರೇಡಿಯೇಷನ್ ಕೊಟ್ಟರು, ಕೀಮೋ ಮಾತ್ರೆ ಶುರುಮಾಡಿದರು. ರೇಡಿಯೇಷನ್ ಮುಗಿದ ಮೇಲೆ ಇದು ಮೊದಲ ಎಂಆರ್‌ಐ.

ಮರುದಿನ ಆಸ್ಪತ್ರೆಯ ನರ್ಸಿಗೆ ಫೋನ್ ಮಾಡಿ, ಡಾಕ್ಟರು ನನ್ನ ಜೊತೆ ಮಾತಾಡುವವರೆಗೂ ದಿನಾ ಮಾಡುತ್ತೇನೆ ಎಂದೆ. ಸಂಜೆಯೇ ಡಾಕ್ಟರ ಫೋನ್ ಬಂತು. ನಿಧಾನವಾಗಿ ಹೇಳಿದರು, ಅದಕ್ಕೆ ಅವರಿಗೆ ಋಣಿ. ಸ್ಕ್ಯಾನಿನಲ್ಲಿ ಕಾಣುವ ಬಿಳಿ ಕಲೆ ಮೊದಲಿಗಿಂತ ದೊಡ್ಡದಾಗಿದೆ. ಗೆಡ್ಡೆ ಮತ್ತೆ ಬೆಳೆದಿರಬಹುದು. ಅಥವಾ ರೇಡಿಯೇಷನ್ನಿನ ಕಾವಿಗೆ ಆ ಜಾಗ ಊದಿಕೊಂಡು, ಸ್ಕ್ಯಾನಿಗೆ ಮುಂಚೆ ಚುಚ್ಚುವ ಔಷಧಿಯನ್ನು ಹೀರಿಕೊಂಡು ಬೆಳ್ಳಗೆ ಕಾಣುತ್ತಿರಬಹುದು. ಎರಡೂ ಚಿತ್ರದಲ್ಲಿ ಒಂದೇ ಥರ ಕಾಣುತ್ತವೆ. "ಈ ಚಿತ್ರವೊಂದನ್ನೇ ನೋಡಿ ಯಾವುದು ಅಂತ ನಾನು ಹೇಳಲಾರೆ. ಮಾತ್ರೆ ಮುಂದುವರಿಸೋಣ, ಎರಡು ತಿಂಗಳ ನಂತರ ಮತ್ತೆ ನೋಡೋಣ," ಎಂದರು.

ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳುವ ಡಾಕ್ಟರನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆ ಮಾತಿನ ಮೇಲೆ ನನಗೆ ನಂಬಿಕೆ ಬಂತು.

ಭಾವನಿಗೆ ಬರಲಿಲ್ಲ. ನನ್ನ ಗಂಡನ ಅಣ್ಣ, ಮೈಸೂರಿನಲ್ಲಿ ಸರ್ಕಾರಿ ಇಂಜಿನಿಯರ್ ಆಗಿದ್ದು ನಿವೃತ್ತರಾದವರು. ಅಪ್ಪ ಹೋದ ಮೇಲೆ ತಮ್ಮನನ್ನು ಓದಿಸಿದವರು ಅವರೇ. "ಗೊತ್ತಿಲ್ಲ ಅಂದ್ರೆ ಏನಮ್ಮ ಅರ್ಥ? ನೀನು ಫಿಲ್ಮ್ ಕಳ್ಸು, ಇಲ್ಲಿ ತೋರಿಸ್ತೀನಿ," ಎಂದರು.

ನಮ್ಮ ಕಡೆ ಸ್ಕ್ಯಾನ್ ಮಾಡಿಸಿದರೆ ಆ ದೊಡ್ಡ ಕವರ್ ನಮ್ಮ ಕೈಗೇ ಬರುತ್ತದೆ. ಬೀರುವಿನ ಮೇಲೆ ಇಡುತ್ತೇವೆ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗುತ್ತೇವೆ, ಮದುವೆಮನೆಯಲ್ಲಿ ಸಿಕ್ಕಿದ ಡಾಕ್ಟರಿಗೂ ಕಿಟಕಿಯ ಬೆಳಕಿಗೆ ಹಿಡಿದು ತೋರಿಸುತ್ತೇವೆ. ಇಲ್ಲಿ ಅದು ಆಸ್ಪತ್ರೆಯ ಕಂಪ್ಯೂಟರಿನಲ್ಲೇ ಇರುತ್ತದೆ. ನಾನು ಕೇಳಿದಾಗ ನರ್ಸ್ ಪಾಪ, "ಅದನ್ನು ಇಟ್ಟುಕೊಂಡು ಏನು ಮಾಡುತ್ತೀರಿ?" ಎಂದು ನಿಜವಾಗಿಯೂ ಆಶ್ಚರ್ಯಪಟ್ಟಳು. ಏನು ಮಾಡುತ್ತೇವೆ ಎಂದು ಹೇಳುವುದು! ಕಾಡಿ ಬೇಡಿ ಒಂದು ಸಿಡಿ ತರಿಸಿಕೊಂಡೆ. ಮನೆಯ ಯಾವ ಲ್ಯಾಪ್‌ಟಾಪಿಗೂ ಸಿಡಿ ಹಾಕುವ ಜಾಗವಿರಲಿಲ್ಲ, ಮೇನೂತ್‌ನಲ್ಲಿರುವ ಗೆಳತಿಯಿಂದ ಡ್ರೈವ್ ಇಸಕೊಂಡು ಬಂದೆ.

ತೆರೆದು ನೋಡಿದರೆ ಕಲೆ ಬಲಗಡೆಗಿತ್ತು. ಎಡಗಡೆ ತಲೆ ಕೊಯ್ದಿದ್ದಾರೆ, ಬಲಗಡೆ ಕಲೆ ಇದೆ, ಅಯ್ಯೋ ಇವರ ಮನೆ ಹಾಳಾಗ ಎಂದು ಕೂಗಾಡಿ ನರ್ಸಿಗೆ ಫೋನ್ ಹಚ್ಚಿದೆ. ನಮ್ಮೆದುರು ಕೂತವರ ಎಡಗಡೆ ನಮಗೆ ಬಲಗಡೆ ಕಾಣುವುದಿಲ್ಲವೇ, ಸ್ಕ್ಯಾನನ್ನೂ ಹಾಗೇ ನೋಡಬೇಕಂತೆ. ಅವಳು ನಗಲಿಲ್ಲ, ಒಳ್ಳೆಯವಳು. ಅದಾದ ಮೇಲೆ ಆ ಚಿತ್ರಗಳ ಎದುರು ಕೂತು ಫೋನಿನಲ್ಲೇ ಅವಳನ್ನು ಒಂದೊಂದಾಗಿ ಕೇಳಿ ತಿಳಿದುಕೊಂಡೆ. ಕಪ್ಪಗಿರುವುದು ಗೆಡ್ಡೆ ತೆಗೆದ ಗುಂಡಿ, ಅಂಚಿನಲ್ಲಿ ಹೊಳೆಯುವುದು ಕಲೆ, ಸುತ್ತಲಿನ ಮಬ್ಬು ನೀರು ತುಂಬಿದ ಊತ.

ಚಿತ್ರಗಳನ್ನು ಭಾವನಿಗೆ ಕಳಿಸಿದೆ. ಅವರು ತಮ್ಮ ಷಡ್ಡಕನಿಗೆ ತೋರಿಸಿದರು. ಷಡ್ಡಕರು ಸ್ಕ್ಯಾನ್ ಓದುವ ಡಾಕ್ಟರೇ, ಓದಿಯೂಬಿಟ್ಟರು: "ಬೆಳೆದಿದೆ."

ಅಷ್ಟು ಸಾಕಾಯಿತು. ಭಾವ ದಿನಕ್ಕೆ ಮೂರು ಸಲ ಫೋನ್ ಮಾಡತೊಡಗಿದರು. ಮಾತ್ರೆ ಕೊಟ್ಟು ಯಾಕೆ ನರಳಿಸ್ತೀರಿ, ಸಿಕ್ಕಿದ ವಿಮಾನಕ್ಕೆ ಕರಕೊಂಡು ಬಾ, ಅವನಿಗೆ ಮಾತ್ರ ಏನೂ ಹೇಳಬೇಡ. ಎದೆ ಒಡೆದುಕೊಂಡುಬಿಡ್ತಾನೆ, ಅಮ್ಮನನ್ನ ನೋಡಿಕೊಂಡು ಬರೋಣ ಅಂತ ಹೇಳು. ಅದು ಪ್ರೀತಿಯೇ, ನನಗೆ ಗೊತ್ತು. ಆದರೆ ಮಾತ್ರೆ ನಿಲ್ಲಿಸಿ ಸಾಯಲು ಊರಿಗೆ ಹೋಗುವುದೋ, ಇಲ್ಲೇ ಎರಡು ತಿಂಗಳು ಕಾಯುವುದೋ ಎನ್ನುವುದನ್ನು ಆ ತಲೆ ಯಾರದೋ ಅವನೊಬ್ಬನನ್ನು ಬಿಟ್ಟು ಇಡೀ ಬಳಗ ತೀರ್ಮಾನ ಮಾಡುತ್ತಿತ್ತು. ಕೊನೆಗೆ ಭಾನುವಾರಕ್ಕೆ ಒಂದು ಜೂಮ್ ಮೀಟಿಂಗ್ ಇಟ್ಟರು. ಅವನು ಮಲಗಿರುವ ಹೊತ್ತು ನೋಡಿ ಇಟ್ಟರು.

ನಾನು ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತೆ. ಭಾವ, ಅವರ ಹೆಂಡತಿ, ಷಡ್ಡಕರು, ಬೆಂಗಳೂರಿನಿಂದ ನನ್ನ ತಮ್ಮ. ಭಾವ ಟಿಕೆಟ್ಟಿನ ಮಾತೆತ್ತಿದರು.

"ಒಂದ್ ನಿಮಿಷ ಭಾವ," ಎಂದು ನಾನು ಷಡ್ಡಕರ ಕಡೆ ತಿರುಗಿದೆ. "ರೇಡಿಯೇಷನ್ ಮುಗಿದು ಒಂದು ತಿಂಗಳಿಗೇ ತೆಗೆದ ಸ್ಕ್ಯಾನ್ ಇದು ಅಂತ ನಿಮಗೆ ಗೊತ್ತಿತ್ತಾ?"

ಅವರು ಕನ್ನಡಕ ತೆಗೆದರು. "ಇಲ್ಲಮ್ಮ. ಅದನ್ನ ಯಾರೂ ಹೇಳ್ಲಿಲ್ಲ. ಅಷ್ಟು ಬೇಗ ತೆಗೆದಿದ್ರೆ ಅದು ರೇಡಿಯೇಷನ್ನಿನ ಊತನೂ ಇರಬಹುದು. ಹೇಳಕ್ಕಾಗಲ್ಲ."

"ಇರಬಹುದು, ಬರಬಹುದು ಅಂತ ಕೂತ್ರೆ ಅವನ ಕಥೆ ಮುಗಿಯುತ್ತೆ," ಎಂದು ಭಾವ ದನಿ ಏರಿಸಿದರು. "ನೋಡಮ್ಮ, ಇದು ದೊಡ್ಡೋರು ತೀರ್ಮಾನ ಮಾಡೋ ವಿಷಯ. ನೀನು ಟಿಕೆಟ್ ಮಾಡಿಸು. ಅವನಿಗೆ ಹೇಗೆ ಹೇಳಬೇಕೋ ನಾನು ಹೇಳ್ತೀನಿ."

ನನ್ನ ಪಿತ್ತ ನೆತ್ತಿಗೇರಿತು. ಮದುವೆಯಾದಾಗಿನಿಂದ ಭಾವನಿಗೆ ಎದುರಾಡಿದವಳಲ್ಲ. "ದೊಡ್ಡೋರಾ? ಅವನಿಗೆ ನಲವತ್ತಾರು ವರ್ಷ ಭಾವ! ಮಾತು ತಡವರಿಸುತ್ತೆ, ಬುದ್ಧಿ ತಡವರಿಸಲ್ಲ. ಅವನ ಸಾವು ಬದುಕನ್ನ ಅವನಿಗೆ ಗೊತ್ತಾಗದ ಹಾಗೆ ತೀರ್ಮಾನ ಮಾಡಕ್ಕೆ ನೀವ್ಯಾರು, ನಾನ್ಯಾರು? ನಾನು ಕರೀತೀನಿ ಅವನನ್ನ."

ಕರೆಯಬೇಕಾಗಲಿಲ್ಲ. ನನ್ನ ಕೂಗಾಟಕ್ಕೆ ಎದ್ದು ಬಾಗಿಲಲ್ಲಿ ನಿಂತಿದ್ದ. ಒಂದು ಕಾಲಿಗೆ ಮಾತ್ರ ಸಾಕ್ಸು. ಅವನನ್ನು ಕೂರಿಸಿ, ಎಲ್ಲರೂ ನೋಡುತ್ತಿರುವಂತೆಯೇ ಸ್ಕ್ಯಾನ್ ತೆರೆದು ತೋರಿಸಿದೆ. ಇದು ಗುಂಡಿ, ಇದು ಕಲೆ, ದೊಡ್ಡದಾಗಿದೆ, ಗೆಡ್ಡೆಯೂ ಇರಬಹುದು, ಊತವೂ ಇರಬಹುದು, ಯಾರಿಗೂ ಗೊತ್ತಿಲ್ಲ. ಹೇಳುತ್ತಾ ಹೇಳುತ್ತಾ ನಾನೇ ಅತ್ತೆ. ಅವನು ಅಳಲಿಲ್ಲ. ಮೂಗು ಪರದೆಗೆ ತಾಗುವಷ್ಟು ಬಗ್ಗಿ ನೋಡಿದ.

"ಏನೋ ಇದೆ ಅಂತ... ಗೊತ್ತಿತ್ತು," ಎಂದ. "ನೀನು ಸಾರಿಗೆ ಎರಡೆರಡು ಸಲ ಉಪ್ಪು..." ಅಲ್ಲಿಗೆ ಮಾತು ನಿಂತಿತು. ಭಾವ "ಹಾಕಿದ್ಲಾ?" ಎಂದು ಎತ್ತಿಕೊಡಲು ಹೋದರು. ನಾನು ಕೈಯೆತ್ತಿ ತಡೆದೆ. ಎಷ್ಟು ಹೊತ್ತಾದರೂ ಆಗಲಿ, ಅವನೇ ಹುಡುಕಿಕೊಳ್ಳಲಿ.

"...ಹಾಕ್ತಿದ್ದೆ," ಎಂದು ಮುಗಿಸಿದ. ಆಮೇಲೆ ಅಣ್ಣನ ಮುಖ ನೋಡಿದ. "ಅಣ್ಣ. ಎರಡು ತಿಂಗಳು ನಂದು. ನಾನು ಇಲ್ಲೇ ಕಾಯ್ತೀನಿ. ಮಾತ್ರೆ ತಗೋತೀನಿ." ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಹೇಳಿದ: "ಇನ್ನೊಂದ್ಸಲ ನನ್ನ ತಲೆ ಬಗ್ಗೆ ಮೀಟಿಂಗ್ ಇದ್ರೆ... ನಂಗೂ ಲಿಂಕ್ ಕಳ್ಸು."

ನನ್ನ ತಮ್ಮ ಫಕ್ಕನೆ ನಕ್ಕುಬಿಟ್ಟ, ಆಮೇಲೆ ನಕ್ಕಿದ್ದಕ್ಕೆ ಹೆದರಿದ. ಭಾವ ಮೀಟಿಂಗಿನಿಂದ ಹೊರಟುಹೋದರು. ಆಮೇಲೆ ನಮಗೆ ಫೋನ್ ಮಾಡುವುದನ್ನೂ ಬಿಟ್ಟರು.

ಆ ಎರಡು ತಿಂಗಳು ಸುಖವಾಗಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಮಾತ್ರೆಗೆ ವಾಂತಿ ಮಾಡಿಕೊಳ್ಳುತ್ತಿದ್ದ, ಸ್ಟೀರಾಯ್ಡಿಗೆ ಮುಖ ಊದಿ ಗುಂಡಗಾಗಿತ್ತು, ನನ್ನ ಮೇಲೆ ರೇಗುತ್ತಿದ್ದ, ನಾನೂ ಬಿಡುತ್ತಿರಲಿಲ್ಲ. ಎಲ್ಲಿಗೂ ಹೋಗುವಂತಿರಲಿಲ್ಲ, ಕಾಲುವೆಯ ದಂಡೆಯಲ್ಲಿ ನಡೆಯುವುದಷ್ಟೇ. ಎದುರು ಬಂದವರು ದೂರ ಸರಿದು ಕೈಬೀಸುತ್ತಿದ್ದರು. ಊರಿನಿಂದ ಕೋವಿಡ್ಡಿನ ಕೆಟ್ಟ ಸುದ್ದಿಗಳೇ ಬರುತ್ತಿದ್ದವು. ಒಂದು ದಿನ ಅವನು ನಡೆಯುತ್ತಾ, ತಡವರಿಸದೆ, "ಆ ಕಲೆ ಏನಾದ್ರೂ ಆಗ್ಲಿ, ಇವತ್ತು ನಾನೇ ಅನ್ನಕ್ಕಿಡ್ತೀನಿ," ಎಂದ. ಅನ್ನ ತಳ ಹಿಡಿದಿತ್ತು. ಇಲ್ಲೇ ಬೆಳೆದ ನಮ್ಮ ಮಗಳು ತನ್ನ ಐರಿಷ್ ಇಂಗ್ಲಿಷಿನಲ್ಲಿ ಅಪ್ಪನನ್ನು ಗೋಳುಹೊಯ್ದುಕೊಳ್ಳುತ್ತಲೇ ಎರಡು ಸಲ ಬಡಿಸಿಕೊಂಡಳು.

ಎರಡನೇ ಫಲಿತಾಂಶದ ದಿನ ಆಸ್ಪತ್ರೆಯ ಬಾಗಿಲಲ್ಲಿ ಮತ್ತೆ ಅದೇ ರಾಗ. ರೋಗಿ ಮಾತ್ರ. ನಾನು ಅಲ್ಲೇ ನಿಂತೆ. "ಇವನಿಗೆ ಕೇಳಿಸುತ್ತೆ, ಅರ್ಥ ಆಗುತ್ತೆ. ಹೊರಗೆ ಬಂದು ಹೇಳುವುದಕ್ಕೆ ಪದ ಸಿಗಲ್ಲ. ನನ್ನನ್ನು ಒಳಗೆ ಬಿಡದಿದ್ದರೆ ಡಾಕ್ಟರೇ ನಮ್ಮ ಕಾರಿನ ಹತ್ತಿರ ಬರಲಿ," ಎಂದೆ. ನನ್ನ ಹಿಂದೆ ನಿಂತಿದ್ದ ಅಜ್ಜಿಯೊಬ್ಬರು "ಸರಿಯಾಗಿ ಹೇಳಿದೆ" ಎಂದರು. ಅಷ್ಟರಲ್ಲಿ ಫೋನಿನ ಆ ನರ್ಸ್ ಇಳಿದು ಬಂದಳು. ಅವಳ ಮುಖ ನಾನು ನೋಡಿದ್ದು ಅದೇ ಮೊದಲು, ಅದೂ ಅರ್ಧ. ನನ್ನ ಕೈಗೆ ಹೊಸ ಮಾಸ್ಕ್ ಕೊಟ್ಟು "ಬನ್ನಿ" ಎಂದಳು.

ಡಾಕ್ಟರು ಎರಡು ಸ್ಕ್ಯಾನನ್ನೂ ಪಕ್ಕಪಕ್ಕ ತೆರೆದಿಟ್ಟು ನನ್ನ ಮುಖ ನೋಡಿದರು. "ಅವನಿಗೆ ಹೇಳಿ," ಎಂದೆ. ಅವರು ಕುರ್ಚಿಯನ್ನು ಅವನ ಕಡೆ ತಿರುಗಿಸಿಕೊಂಡರು. ಅವರು ಬಾಯಿ ತೆರೆಯುವ ಮೊದಲೇ ನನಗೆ ಕಂಡಿತ್ತು, ಅಂಚಿನಲ್ಲಿ ಹೊಳೆಯುವುದು ಚಿಕ್ಕದಾಗಿತ್ತು. ಹೆಚ್ಚಿನ ಪಾಲು ಅದು ಊತವೇ ಎಂದರು. ಗೆಡ್ಡೆ ಹೋಗಿಲ್ಲ, ಒಂದಲ್ಲ ಒಂದು ದಿನ ಮತ್ತೆ ಬೆಳೆಯುತ್ತದೆ, ಯಾವಾಗ ಎಂದು ಹೇಳಲಾರೆ, ಇವತ್ತು ಬೆಳೆಯುತ್ತಿರುವ ಹಾಗಿಲ್ಲ ಎಂದೂ ಹೇಳಿದರು. ಅವನು ಪ್ರತಿ ಮಾತಿಗೂ ತಲೆಯಾಡಿಸಿದ. ನಾನು ಅವನ ಬಲಗೈ ಹಿಡಿದುಕೊಂಡಿದ್ದೆ. ಅವನು ಗಟ್ಟಿಯಾಗಿ ಹಿಡಿದ.

ಕಾರಿನಲ್ಲಿ ಕೂತ ಮೇಲೆ ಫೋನ್ ಕೊಡು ಎಂದು ಕೈನೀಡಿದ. ತಾನೇ ಹುಡುಕಿ ಅಣ್ಣನಿಗೆ ಹಚ್ಚಿ, ಸ್ಪೀಕರಿಗೆ ಹಾಕಿದ. ಒಂದೇ ರಿಂಗಿಗೆ ಎತ್ತಿಕೊಂಡರು. ಫೋನ್ ಕೈಯಲ್ಲೇ ಹಿಡಿದು ಕೂತಿದ್ದರೇನೋ.

"ಏನಾಯ್ತೋ? ಸ್ಕ್ಯಾನ್ ಏನ್ ಹೇಳ್ತು?"

"ಸ್ಕ್ಯಾನನ್ನ ಯಾಕೆ..." ಎಂದು ನಿಂತ. ಭಾವ ಈ ಸಲ ಪದ ಎತ್ತಿಕೊಡಲಿಲ್ಲ, ಕಾದರು. "...ಯಾಕೆ ಕೇಳ್ತೀಯ ಅಣ್ಣ? ನನ್ನ ಕೇಳು."

ಆಮೇಲೆ ಭಾವ, ಕಾಯಿಲೆ ಶುರುವಾದಾಗಿನಿಂದ ಒಂದು ಸಲವೂ ತಮ್ಮನನ್ನು ಕೇಳಿರದ ಮಾತನ್ನು, ಅಳುತ್ತಲೇ ಕೇಳಿದರು.

"ಹೇಗಿದ್ದೀಯೋ ಮರಿ?"

"ಹಸಿವಾಗ್ತಿದೆ," ಎಂದ ನನ್ನ ಗಂಡ.