ಅತ್ತೆ ಸೋಸಿದ ಕರೆಂಟು

ನನ್ನ ಅತ್ತೆಗೆ, ಅಂದರೆ ಅಪ್ಪನ ಅಕ್ಕನಿಗೆ, "ಇದು ನಿಮ್ಮ ಕೈಲಿ ಆಗಲ್ಲ" ಎಂದು ಹೇಳಿ ಗೆದ್ದವರನ್ನು ನಾನಂತೂ ಕಂಡಿಲ್ಲ. ಹಾಗೆಂದು ಅವಳೇನೂ ಜಗಳಗಂಟಿಯಲ್ಲ. ಜಗಳಗಂಟಿ ನಾನು. ಅವಳು ಎಲ್ಲರ ಮಾತಿಗೂ ತಲೆಯಾಡಿಸಿ, ಕೊನೆಗೆ ತನಗೆ ಬೇಕಾದ್ದನ್ನೇ ಮಾಡುವವಳು. ಮೂವತ್ತೊಂದು ವರ್ಷ ಮೋಟರ್ ರಿಪೇರಿ ವರ್ಕ್‌ಶಾಪಿನಲ್ಲಿ ಕೂತು ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತಿದಳು. ಬೀದಿಯವರ ಬಾಯಲ್ಲಿ ಅವಳು ಸುರುಳಿಯಮ್ಮ.

ಕೆಲಸ ಬಿಟ್ಟ ಮೇಲೆ ಸುಮ್ಮನೆ ಕೂತಾಳೇ? ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಪುಸ್ತಕ ಓದಿಸಿ ರೆಕಾರ್ಡ್ ಮಾಡಿಸುವ ಲೈಬ್ರರಿಯೊಂದಕ್ಕೆ ಹೋಗಿ ಹೆಸರು ಕೊಟ್ಟು ಬಂದಳು. ಕಾರ್ಮಿಕ ಕಾನೂನಿನ ಪುಸ್ತಕ ಸಿಕ್ಕಿತು. ಮಲಗುವ ಕೋಣೆಯ ಗೋಡೆಗೆ ಕಂಬಳಿ ನೇತುಹಾಕಿ, ಕಂಪ್ಯೂಟರು, ಮೈಕು ಇಟ್ಟುಕೊಂಡು ಓದತೊಡಗಿದಳು. ಅವಳ ಮುಖದಲ್ಲಿ ಅಷ್ಟು ಗೆಲುವನ್ನು ನಾನು ಎಂದೂ ನೋಡಿರಲಿಲ್ಲ.

ನಮ್ಮ ಮನೆಯ ಕೆಳಗೇ ಲಾಂಡ್ರಿ. ಅಲ್ಲಿಯ ದೊಡ್ಡ ಯಂತ್ರಗಳು ತಿರುಗಿದಾಗಲೆಲ್ಲ ಅವುಗಳ ಗಲಾಟೆ ಕರೆಂಟಿನ ತಂತಿ ಹಿಡಿದು ಮೇಲೆ ಬಂದು, ರೆಕಾರ್ಡಿಂಗಿನಲ್ಲಿ ಗುಂಯ್ ಎನ್ನುತ್ತಿತ್ತು. ಎರಡು ಅಧ್ಯಾಯ ವಾಪಸ್ ಬಂದವು. ಲೈಬ್ರರಿಯ ಮೇಲ್ವಿಚಾರಕರು ಫೋನ್ ಮಾಡಿದರು, ಅತ್ತೆ ಸ್ಪೀಕರಿಗೆ ಹಾಕಿದಳು.

"ಮೊದಲೆರಡು ಆಮೇಲೆ ಮತ್ತೆ ಓದಿದ್ರಾಯ್ತು, ಮೂರನೇ ಅಧ್ಯಾಯ ಸೋಮವಾರಕ್ಕೆ ಬೇಕು, ಅಮ್ಮ. ಅದೂ ಹೀಗೇ ಬಂದ್ರೆ ಪುಸ್ತಕ ಬೇರೆಯವರಿಗೆ ಕೊಡ್ತೀವಿ."

"ಕರೆಂಟಲ್ಲಿ ಕಸ ಬರ್ತಿದೆ. ಸೋಸೋಕೆ ಒಂದು ಫಿಲ್ಟರ್ ಮಾಡ್ಕೋತೀನಿ" ಎಂದಳು ಅತ್ತೆ.

"ಅದೆಲ್ಲ ಮನೇಲಿ ಮಾಡೋ ಕೆಲಸ ಅಲ್ಲ. ಕಂಪನಿದು ತಗೊಳ್ಳಿ. ಇಲ್ಲಾಂದ್ರೆ ವಿಶ್ರಾಂತಿ ತಗೊಳ್ಳಿ, ವಯಸ್ಸಾಯ್ತಲ್ಲ."

ಆ 'ವಿಶ್ರಾಂತಿ' ಕೇಳಿ ನನ್ನ ಮೈಯೆಲ್ಲ ಉರಿಯಿತು. ಅತ್ತೆ ಮಾತ್ರ "ಹೂಂ" ಎಂದು ಫೋನಿಟ್ಟು ಅಟ್ಟದ ಮೇಲಿಂದ ಹಳೆಯ ಸ್ಟೆಬಿಲೈಸರಿನ ಕಬ್ಬಿಣದ ಪೆಟ್ಟಿಗೆ ಇಳಿಸಿದಳು.

ಊಟದ ಮೇಜು ಮೂರು ದಿನ ಅವಳ ಪಾಲಾಯಿತು. ಕಬ್ಬಿಣದ ತುಕ್ಕಿನ ಪುಡಿ ಸುಟ್ಟು ಮಾಡಿದ, ಬಳೆಯಷ್ಟು ದೊಡ್ಡ ಕಪ್ಪು ಫೆರೈಟ್ ಉಂಗುರ. ಅದರ ಒಂದು ಅರ್ಧಕ್ಕೆ ಕರೆಂಟು ಹೋಗುವ ತಂತಿ, ಇನ್ನೊಂದಕ್ಕೆ ವಾಪಸ್ ಬರುವ ತಂತಿ, ಎರಡಕ್ಕೂ ಮೂವತ್ತು ಮೂವತ್ತು ಸುತ್ತು. ಮನೆ ಕರೆಂಟಿಗೆಂದೇ ಮಾಡಿದ ಕೆಪಾಸಿಟರು ಸಿಗುವವರೆಗೆ ನನ್ನನ್ನು ನಾಲ್ಕು ಅಂಗಡಿ ಸುತ್ತಿಸಿದಳು. ಫ್ಯೂಸ್ ಹಾಕಿದಳು, ಪೆಟ್ಟಿಗೆಗೆ ಅರ್ಥಿಂಗ್ ತಂತಿ ಬಿಗಿದಳು.

ಅಪ್ಪನ ಬಾಯಿ ಸುಮ್ಮನಿರಲಿಲ್ಲ. "ಅಕ್ಕಾ, ಮನೆ ಸುಟ್ಟುಬಿಟ್ಟೀಯ."

"ಮೂವತ್ತೊಂದು ವರ್ಷದಲ್ಲಿ ವರ್ಕ್‌ಶಾಪೇ ಸುಟ್ಟಿಲ್ಲ. ನಿನ್ನ ಮನೆ ಏನು ಮಹಾ ಕಣೋ" ಎಂದಳು, ತಲೆ ಎತ್ತದೆ.

ಶನಿವಾರ ಬೆಳಿಗ್ಗೆ ಪ್ಲಗ್ ಚುಚ್ಚಿ ಸ್ವಿಚ್ ಹಾಕಿದಳು. ಪೆಟ್ಟಿಗೆಯೇ ಗುಂಯ್ ಎಂದಿತು. ಹೆಡ್‌ಫೋನಿನಲ್ಲಿ ಹಳೆಯ ಸದ್ದೂ ಹಾಗೇ ಇತ್ತು.

"ಇಷ್ಟು ದಿನ ಕೆಳಗೊಂದೇ ಲಾಂಡ್ರಿ ಇತ್ತು. ಈಗ ಮೇಲೂ ಒಂದಾಯ್ತು" ಎಂದು ಅಪ್ಪ ನಕ್ಕ.

ಅತ್ತೆ ಪ್ಲಗ್ ಕಿತ್ತು, ಕೈ ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟಳು. ಪುಸ್ತಕ ಹೋಯಿತು ಎಂದೇ ನನಗನ್ನಿಸಿತು. ಅಳು ಬಂತು, ಅಪ್ಪನ ಮೇಲೆ ರೇಗಿ ಅದನ್ನು ನುಂಗಿಕೊಂಡೆ.

ಭಾನುವಾರ ಅವಳು ಪೆಟ್ಟಿಗೆ ಬಿಚ್ಚಿ, ಉಂಗುರದ ಸುತ್ತುಗಳ ಮೇಲೆ ಬೆರಳು ಆಡಿಸಿ ನೋಡಿದಳು. ಮತ್ತೆ ತನ್ನ ಕೈಯನ್ನೇ ದಿಟ್ಟಿಸಿದಳು.

"ನೋಡೇ, ಈ ಕೈ ಮಾಡಿರೋ ಕೆಲಸ" ಎಂದಳು. "ಮೋಟರಲ್ಲಿ ಸುತ್ತುಗಳೆಲ್ಲ ಒಂದಕ್ಕೊಂದು ಬಲ ಕೊಡಬೇಕು. ಇಲ್ಲಿ ಅದು ತಿರುಗುಮುರುಗು. ಹೋಗೋ ಕರೆಂಟಿನ ಬಲಾನ ಬರೋ ಕರೆಂಟು ಹೊಡೆದುಹಾಕಬೇಕು. ಆಗ ಉಂಗುರದ ಮೇಲೆ ಭಾರ ಬೀಳಲ್ಲ, ಕಸ ಮಾತ್ರ ಸಿಕ್ಕಿಹಾಕ್ಕೊಳ್ಳುತ್ತೆ. ನಾನು ಮೋಟರಿಗೆ ಜೋಡಿಸೋ ಹಾಗೇ ಜೋಡಿಸಿಬಿಟ್ಟಿದೀನಿ."

ಓದಿ ಕಲಿತವರು ಯಾರೂ ಈ ತಪ್ಪು ಮಾಡುತ್ತಿರಲಿಲ್ಲ. ಸಾವಿರಾರು ಮೋಟರುಗಳಿಗೆ ಜೀವ ಕೊಟ್ಟ ಕೈ ಮಾತ್ರ ಮಾಡಬಲ್ಲ ತಪ್ಪು ಅದು. ಒಂದು ಕಡೆಯ ತಂತಿಯ ಎರಡು ತುದಿಗಳನ್ನು ಅದಲು ಬದಲು ಮಾಡಿ ಬೆಸುಗೆ ಹಾಕಿದಳು. ಭಾನುವಾರ ಲಾಂಡ್ರಿಗೆ ರಜೆಯಾದ್ದರಿಂದ ಸರಿಹೋಯಿತೋ ಇಲ್ಲವೋ ಗೊತ್ತಾಗುವ ಹಾಗಿರಲಿಲ್ಲ.

ಸೋಮವಾರ ಒಂಬತ್ತಕ್ಕೆ ಕೆಳಗೆ ಯಂತ್ರಗಳು ಶುರುವಾದವು. ಪೆಟ್ಟಿಗೆ ತೆಪ್ಪಗಿತ್ತು. ಹೆಡ್‌ಫೋನ್ ಹಾಕಿಕೊಂಡ ನಾನು ನನ್ನ ಕಿವಿಯೇ ಕೆಟ್ಟಿತೇನೋ ಅಂದುಕೊಂಡೆ, ಅಷ್ಟು ನಿಶ್ಶಬ್ದ. ಮಧ್ಯಾಹ್ನದೊಳಗೆ ಮೂರನೇ ಅಧ್ಯಾಯ ಓದಿ ಮುಗಿಸಿ ಕಳಿಸಿದಳು.

ಸಂಜೆ ಮೇಲ್ವಿಚಾರಕರ ಫೋನು ಬಂತು. "ಗುಂಯ್ ಹೋಗಿದೆ ಅಮ್ಮ, ಒಪ್ಪಿದೆ. ಆದ್ರೆ ಈಗ ನಿಮ್ಮ ಉಸಿರು ಕೇಳುತ್ತಲ್ಲ. ವಾಕ್ಯ ಮುಗಿದಾಗಲೆಲ್ಲ ಸುಯ್ ಅನ್ನುತ್ತೆ. ಅದನ್ನ ಕಂಪ್ಯೂಟರಲ್ಲಿ ಕತ್ತರಿಸ್ತೀವಿ. ಮುಂದಿನ ಅಧ್ಯಾಯಗಳಿಗೆ ಬೇರೆ ದನಿ ನೋಡೋಣ."

ತಂತಿ ಸುತ್ತಿದ ಮೋಟರನ್ನು ವಾರ್ನಿಷಿನಲ್ಲಿ ಅದ್ದಿ ಒಲೆಯಲ್ಲಿ ಕಾಯಿಸುತ್ತಾರೆ. ಆ ಹೊಗೆ ಕುಡಿದ ಎದೆ ಅವಳದು. ಮೂರನೇ ಅಧ್ಯಾಯ ಯಾವುದರ ಬಗ್ಗೆ ಗೊತ್ತೇ? ಕೆಲಸದಿಂದ ಕಾಯಿಲೆ ಬಿದ್ದವರಿಗೆ ಸಿಗಬೇಕಾದ ಪರಿಹಾರದ ಬಗ್ಗೆ. ಅದನ್ನು ಇವಳಿಗಿಂತ ಚೆನ್ನಾಗಿ ಓದುವವರು ಯಾರಿದ್ದಾರೆ, ಹೇಳಿ ನೋಡೋಣ. ನಾನು ಫೋನ್ ಕಿತ್ತುಕೊಳ್ಳಲು ಹೋದೆ. ಅತ್ತೆ ಕೈ ಅಡ್ಡ ಹಿಡಿದಳು.

"ಗುಂಯ್ ಅನ್ನೋದು ಲಾಂಡ್ರಿಯವರದ್ದು, ತೆಗೆದೆ. ಉಸಿರು ನನ್ನದು. ತೆಗೆಯಲ್ಲ."

"ಕೇಳೋರಿಗೆ ಕಿರಿಕಿರಿ ಆಗಲ್ವೇ ಅಮ್ಮ?"

"ಅವರನ್ನೇ ಕೇಳಿ. ಅವರು ಬೇಡ ಅಂದ್ರೆ ಬಿಡ್ತೀನಿ. ನೀವು ಬೇಡ ಅಂದ್ರೆ ಬಿಡಲ್ಲ."

ಎರಡು ದಿನ ಸುದ್ದಿಯಿಲ್ಲ. ಗುರುವಾರ ಮತ್ತೆ ಅವರೇ ಫೋನ್ ಮಾಡಿದರು. ಹನ್ನೊಂದು ವಿದ್ಯಾರ್ಥಿಗಳಿಗೆ ಅಧ್ಯಾಯವನ್ನು ಇದ್ದ ಹಾಗೇ ಕೇಳಿಸಿದ್ದರಂತೆ. ಉಸಿರಿನ ಬಗ್ಗೆ ಯಾರು ಏನೆಂದರೆಂದು ಅವರು ಬಾಯಿಬಿಡಲಿಲ್ಲ. "ನಾಲ್ಕನೇ ಅಧ್ಯಾಯ ಯಾವಾಗ ಅಂತ ಕೇಳ್ತಿದಾರೆ" ಎಂದಷ್ಟೇ ಹೇಳಿದರು.

ಅತ್ತೆ ಫೋನನ್ನು ಬಾಯಿಗೆ ಹತ್ತಿರ ತಂದು, ಬೇಕೆಂದೇ ಒಮ್ಮೆ ಸುಯ್ ಎಂದು ಉಸಿರೆಳೆದುಕೊಂಡಳು.

"ಮೂರನೇದನ್ನ ಕತ್ತರಿಸದೆ ಎಲ್ಲರಿಗೂ ಹಂಚಿ" ಎಂದಳು. "ಆಮೇಲೆ ಕಳಿಸ್ತೀನಿ."