ಕಲ್ಲಪ್ಪ ಮಾಸ್ತರರ ‘ಕಮ್’

ಗೋಕಾಕದ ಸಂಜೆ ಬಸ್ಸು ಮೂಡಲಗಿಯ ನಮ್ಮ ಓಣಿಯ ತಿರುವಿನಲ್ಲಿ ಹಾರ್ನ್ ಹೊಡೆಯುವ ಹೊತ್ತಿಗೆ ಕಲ್ಲಪ್ಪ ಮಾಸ್ತರರು ತಮ್ಮ ಮನೆಯ ಬಾಗಿಲನ್ನು ಪೂರ್ತಿ ತೆರೆಯುತ್ತಿದ್ದರು. ಹೊಸ್ತಿಲಿನಿಂದ ಹಿಂದೆ ಸರಿದು, ಯಾರಿಗೋ ದಾರಿ ಬಿಡುವಂತೆ ಗೋಡೆಗೆ ಒರಗಿ ನಿಂತು, ಮೆಲ್ಲಗೆ ಇಂಗ್ಲಿಷಿನಲ್ಲಿ ‘ಕಮ್’ ಎನ್ನುತ್ತಿದ್ದರು. ಯಾರೂ ಬರುತ್ತಿರಲಿಲ್ಲ. ಸ್ವಲ್ಪ ಹೊತ್ತು ಕಾದು, ಬಾಗಿಲು ಮುಂದೆ ಮಾಡಿ, ಚಹಾಕ್ಕೆ ನೀರಿಡುತ್ತಿದ್ದರು.

ಅವರ ಮೆಟ್ಟಿಲ ಮೇಲೆ ಮಲಗುತ್ತಿದ್ದ ಕೆಂದ ನಾಯಿ ಬಸ್ಸಿನ ಸದ್ದಿಗೆ ಕಿವಿಯನ್ನೂ ಎತ್ತುತ್ತಿರಲಿಲ್ಲ. ಆದರೆ ಮಾಸ್ತರರು ಬಾಯಿ ತೆರೆಯುವ ಮೊದಲೇ ಎದ್ದು, ಬೊಗಳದೆ, ಒಂದು ಬದಿಗೆ ಹೋಗಿ ಮಲಗುತ್ತಿತ್ತು. ಎದುರು ಕಟ್ಟೆಯ ಮೇಲೆ ಬ್ಲೌಸಿಗೆ ಹುಕ್ಕು ಹಚ್ಚುತ್ತ ಕುಳಿತ ನನಗೆ “ಆ ಕಡೆ ನೋಡಬ್ಯಾಡ” ಎನ್ನುತ್ತಿದ್ದಳು ಅವ್ವ. ತಾನು ಮಾತ್ರ ನೋಡುತ್ತಿದ್ದಳು.

ಮಾಸ್ತರರು ಹುಕ್ಕೇರಿಯವರು. ಮೂಡಲಗಿಯ ಹೈಸ್ಕೂಲಿಗೆ ಇಂಗ್ಲಿಷ್ ಕಲಿಸಲು ಬಂದವರು ನಿವೃತ್ತರಾದ ಮೇಲೂ ಇಲ್ಲೇ ಉಳಿದರು. ತೆಳ್ಳಗಿನ ಮನುಷ್ಯ. ಹಣೆಯ ವಿಭೂತಿ ಮಧ್ಯಾಹ್ನದ ಹೊತ್ತಿಗೆ ಮೂಗಿನ ಮೇಲೆಲ್ಲ ಉದುರಿರುತ್ತಿತ್ತು. ನನ್ನ ಅಪ್ಪ ತೀರಿಕೊಂಡ ವರ್ಷ ಅವ್ವ ನನ್ನ ಶಾಲೆ ಬಿಡಿಸುವವಳಿದ್ದಳು. ಮಾಸ್ತರರು ದಿನಾ ಸಂಜೆ ಬಂದು ನಮ್ಮ ಕಟ್ಟೆಯ ಮೇಲೆ ಕೂಡುತ್ತಿದ್ದರು. “ಪಾರೂನ್ನ ಸಾಲಿಗೆ ಕಳಸ್ತೀನಿ ಅನ್ನೂತನಾ ಏಳಂಗಿಲ್ಲ” ಎನ್ನುತ್ತಿದ್ದರು. ನಾನು ಹತ್ತನೆಯ ತರಗತಿ ಮುಗಿಸಿದ್ದು ಹಾಗೆ. ಅಪ್ಪನ ಜಾಗದಲ್ಲಿ ಆಮೇಲೆ ನನಗಿದ್ದವರು ಅವರೇ.

ತರಗತಿಯಲ್ಲಿ ಒಂದು ಕ್ರಿಯಾಪದ ಹಿಡಿದರೆ ಅದನ್ನು ಬೇಗ ಬಿಡುತ್ತಿರಲಿಲ್ಲ. ‘ಕಮ್’ ಹಿಡಿದಾಗ ಹೇಳಿದ್ದು ಈಗಲೂ ಕಿವಿಯಲ್ಲಿದೆ.

“ನಮ್ಮಲ್ಲೆ ಮಳಿ ಬರ್ತೈತಿ, ನಿದ್ದಿ ಬರ್ತೈತಿ, ಸಿಟ್ಟ ಬರ್ತೈತಿ, ಜ್ವರ ಬರ್ತೈತಿ. ಈಸಾಕ ಬರ್ತೈತಿ, ಅಡಗಿ ಮಾಡಾಕ ಬರ್ತೈತಿ. ಎಲ್ಲಾದಕ್ಕೂ ಬರೋದ. ಇಂಗ್ಲಿಷಿನವರಿಗೆ ಹಂಗಲ್ಲ. ಜ್ವರ ಅವರಿಗೆ ಬರಾಂಗಿಲ್ಲ, ಇರ್ತೈತಿ.”

ಹಿಂದಿನ ಬೆಂಚಿನ ಸಿದ್ಲಿಂಗ ಎದ್ದು ನಿಂತ. “ಸರ್, ಬರದ ಇದ್ದ ಜ್ವರ ಹೋಗೂದರ ಹೆಂಗ್ರಿ?”

“ನಿನಗ ಇಂಗ್ಲಿಷ್ ಬರದನ ಹೋತಲ್ಲಪಾ, ಹಂಗ.”

ಎಲ್ಲರೂ ನಕ್ಕೆವು. ಅವರು ಮುಂದುವರಿಸಿದರು. “ಅಂಗಿ ಗುಂಡಿ ಕಿತ್ತರೂ ‘ಕಮ್’, ಕನಸ ಖರೆ ಆದರೂ ‘ಕಮ್’. ಎಚ್ಚರ ತಪ್ಪಿದಾಂವ ಕಣ್ಣ ತಗದರೂ ‘ಕಮ್’ ಅಂತಾರ. ಅಲ್ಲೀತನಾ ಎಲ್ಲಿಗೆ ಹೋಗಿದ್ದ ಅಂತ ಯಾರೂ ಕೇಳಾಂಗಿಲ್ಲ ನೋಡ್ರಿ.”

ಅಂದು ಗಂಟೆ ಹೊಡೆದಾಗ ನಾನು ಚೀಲ ಎತ್ತಿಕೊಂಡು ಬಾಗಿಲಲ್ಲಿ ನಿಂತು ಠೀವಿಯಿಂದ “ಐ ಕಮ್, ಸರ್” ಎಂದೆ. ಹೊರಡುವಾಗ ‘ಹೋಗ್ತೀನಿ’ ಎನ್ನುವುದು ನಮ್ಮಲ್ಲಿ ಅಶುಭ, ‘ಬರ್ತೀನಿ’ ಎನ್ನಬೇಕು. ಅದನ್ನೇ ಹಾಗೆ ಇಂಗ್ಲಿಷಿಗೆ ಹಾಕಿದ್ದೆ. ಮಾಸ್ತರರು ಬಹಳ ನಕ್ಕರು. “ಹೊಂಟಾಕಿ ಹಂಗಂದ್ರ ಇಂಗ್ಲಿಷಿನಾಂವ ಬಾಗಲಾ ತಗದ ಕಾಯ್ಕೋತ ಕುಂಡ್ರತಾನವಾ!”

ಅವರ ಹೆಂಡತಿ ಗಂಗವ್ವ ಕಾಕುಗೆ ಇಂಗ್ಲಿಷಿನ ಒಂದು ಅಕ್ಷರವೂ ಬೇಡವಾಗಿತ್ತು. “ನಿಮ್ಮ ಇಂಗ್ಲಿಷ್ ಕಟಗೊಂಡ ನಾ ಸಂತ್ಯಾಗ ಬದನಿಕಾಯಿ ಕೇಳ್ಲೇನು?” ಎಂದು ಗಂಡನನ್ನು ಹಂಗಿಸುತ್ತಿದ್ದಳು. ನಾನು ಶಾಲೆ ಮುಗಿಸಿ ಹೊಲಿಗೆಗೆ ಕೂತ ಮೇಲೆ ಒಂದು ಮುಂಜಾನೆ ಕಾಕು ಎದೆ ನೋವೆಂದು ತನ್ನ ಅಣ್ಣನ ಜೊತೆ ಗೋಕಾಕಕ್ಕೆ ಹೊರಟಳು. ಮಾಸ್ತರರಿಗೆ ಶಾಲೆಯಿತ್ತು. “ಸಂಜಿ ಬಸ್ಸಿಗೆ ಬರ್ತೀನಿ” ಎಂದು ಅವರಿಗೂ ನಮಗೂ ಹೇಳಿ ಹೋದಳು. ದವಾಖಾನೆಯ ಬೆಂಚಿನ ಮೇಲೆ, ಸರದಿ ಬರುವ ಮೊದಲೇ ಜೀವ ಹೋಯಿತು. ಅಲ್ಲಿಂದ ನೇರ ಹುಕ್ಕೇರಿಗೆ ಒಯ್ದು ಹೊಲದಲ್ಲಿ ಮಣ್ಣು ಮಾಡಿದರು. ಮೂಡಲಗಿಯ ಮನೆಗೆ ಅವಳು ಮತ್ತೆ ಬರಲಿಲ್ಲ.

ಬಾಗಿಲು ತೆರೆಯುವುದು ಶುರುವಾದದ್ದು ಆಮೇಲೆ. ಬಹಳ ದಿನ ತಡೆದು ಕೊನೆಗೊಮ್ಮೆ ಕೇಳಿದೆ.

“ಯಾರನ್ನ ಕರೀತೀರಿ ಮಾಸ್ತರ?”

“ನಿಮ್ಮ ಕಾಕುನ್ನ. ಬರ್ತೀನಿ ಅಂದ ಹೋಗ್ಯಾಳಲ್ಲ, ಬರ್ತಾಳ. ಬಂದ ಹೊಸ್ತಲ ಮುಂದ ನಿಂದರ್ತಾಳ.” ಹಾಲಿನವಳು ಬಂದದ್ದನ್ನು ಹೇಳುವಂತೆ ಹೇಳಿದರು.

“ಹಂಗಾರ ಇಂಗ್ಲಿಷಿನ್ಯಾಗ ಯಾಕ್ರಿ? ಕಾಕುಗ ತಿಳಿಯೂದಿಲ್ಲಲ್ಲ?”

“ತಿಳೀಬಾರದಂತನ. ಕನ್ನಡದಾಗ ಬಾ ಅಂದ್ರ ಒಳಗ ಬಂದಬಿಡ್ತಾಳ. ಒಳಗ ಬಂದ್ರ ನನ್ನ ಕರಕೊಂಡ ಹೋಗ್ತಾಳ.” ಬಸಿಯಲ್ಲಿ ಚಹಾ ಸುರುವಿಕೊಂಡು ಊದಿದರು. “ನನಗಿನ್ನಾ ಇರಬೇಕನಸ್ತೈತಿ, ಪಾರೂ. ಹಂಗಂತ ಬಾಗಲಕ ಬಂದಾಕಿನ್ನ ಕರೀದ ಇರಾಕ ಆಗ್ತೈತೇನು?”

ಕಳೆದ ವರ್ಷ ಅವರ ಹೊಟ್ಟೆಯ ನೋವಿಗೆ ಗೋಕಾಕದ ಡಾಕ್ಟರು, ಮನೆಗೆ ಕರಕೊಂಡು ಹೋಗಿರಿ ಎಂದರು. ಹುಕ್ಕೇರಿಯಿಂದ ಅವರ ತಮ್ಮ ಮಲ್ಲಪ್ಪ ಬಂದು ಉಳಿದ. ಮಾಸ್ತರರನ್ನು ಮಗ್ಗುಲಿಗೆ ಹೊರಳಿಸಲು ನಾವಿಬ್ಬರೂ ಬೇಕಾಗುತ್ತಿತ್ತು. ಅವರು ಕೂಗುತ್ತಿರಲಿಲ್ಲ, ಟವೆಲ್ಲು ಕಚ್ಚುತ್ತಿದ್ದರು. ಅದು ದಿನದಿನವೂ ಹರಿಯುತ್ತ ಬಂತು.

ಒಂದು ಸಂಜೆ ಮಲ್ಲಪ್ಪ ಔಷಧಿಗೆ ಹೋಗಿದ್ದ. ಬಸ್ಸಿನ ಹಾರ್ನ್ ಕೇಳಿತು. ಮಾಸ್ತರರು ಕಣ್ಣಿನಿಂದಲೇ ಬಾಗಿಲು ತೋರಿಸಿದರು. ತೆರೆದೆ. ನಾಯಿ ಆಗಲೇ ಸರಿದು ಕೂತಿತ್ತು.

“ಕರಿ,” ಎಂದರು. ಉಸಿರಷ್ಟೇ ಇತ್ತು, ಧ್ವನಿಯಿರಲಿಲ್ಲ.

“ಕಮ್,” ಎಂದೆ.

ತಲೆಯಲ್ಲಾಡಿಸಿದರು. “ಆಕಿಗೆ ತಿಳಿಯೂಹಂಗ ಕರಿ.”

“ನಾ ಒಲ್ಲೆರಿ ಮಾಸ್ತರ.”

“ಎಷ್ಟಂತ ಹೊರಗ ನಿಂದರಸೂದವಾ? ಆಕಿಗೆ ಮೊದಲ ಮೊಣಕಾಲ ಬ್ಯಾನಿ.”

ನಾನು ಕದ ಹಿಡಿದು ನಿಂತೆ. ಅಪ್ಪ ಹೋಗುವಾಗ ನನ್ನನ್ನು ಯಾರೂ ಕೇಳಿರಲಿಲ್ಲ. ಈ ಸಲ ಕಳಿಸಿಕೊಡುವ ಮಾತು ನನ್ನ ಬಾಯಿಗೆ ಬಂದು ನಿಂತಿತ್ತು. ಹಿಂದಿನಿಂದ ಟವೆಲ್ಲು ಪರ್ರನೆ ಹರಿದ ಸದ್ದು ಕೇಳಿತು. ನಾನು ಹೊಸ್ತಿಲು ಬಿಟ್ಟು ಗೋಡೆಗೆ ಸರಿದೆ.

“ಕಾಕು, ಒಳಗ ಬಾರವಾ,” ಎಂದೆ.

ಗಾಳಿ ಬೀಸಲಿಲ್ಲ. ಏನೂ ಅಲುಗಲಿಲ್ಲ. ತಿರುಗಿ ನೋಡಿದರೆ, ಮಾಸ್ತರರು ತಾವಾಗಿಯೇ ಸರಿದು ಗೋಡೆಗೆ ಹತ್ತಿ ಮಲಗಿದ್ದರು. ಮಂಚದ ಈ ಕಡೆ ಇನ್ನೊಬ್ಬರು ಮಲಗುವಷ್ಟು ಜಾಗ ಖಾಲಿಯಿತ್ತು. ಮುಖದಲ್ಲಿ ನೋವಿರಲಿಲ್ಲ.

ನಸುಕಿನಲ್ಲಿ ಅವರು ತೀರಿಕೊಂಡರು. “ಇಷ್ಟ ಗೋಡಿಗೆ ಒತ್ತಿ ಯಾಕ ಮಲಗಿಸೀವಾ?” ಎಂದ ಮಲ್ಲಪ್ಪ. ಅಣ್ಣನನ್ನು ಎತ್ತಲು ಆ ಖಾಲಿ ಜಾಗದ ಮೇಲೆ ಮೊಣಕಾಲು ಊರಹೊರಟ. ನಾನು ಅವನ ತೋಳು ಹಿಡಿದೆ.

“ಅಲ್ಲೆ ಬ್ಯಾಡ್ರಿ, ಕಾಕಾ.”

ಅವನು ನನ್ನ ಮುಖ ನೋಡಿದ, ಹಾಸಿಗೆ ನೋಡಿದ. ಇಬ್ಬರೂ ಸೇರಿ ಮಂಚವನ್ನು ಗೋಡೆಯಿಂದ ಎಳೆದು, ಆಚೆ ಕಡೆಯಿಂದ ಮಾಸ್ತರರನ್ನು ಎತ್ತಿಕೊಂಡೆವು.