ಬೇಡವೆಂದ ಕುರ್ಚಿ

ಇಸ್ತ್ರಿ ಮಾವ ಕೂತಿದ್ದನ್ನು ಕಂಡವರು ಆ ಬೀದಿಯಲ್ಲಿ ಯಾರೂ ಇಲ್ಲ. ಊಟವನ್ನೂ ನಿಂತುಕೊಂಡೇ ಮುಗಿಸುವ ಆಸಾಮಿ. ಎರಡು ಅಂಗಿಗಳ ನಡುವೆ ಒಂದಿಷ್ಟು ಬಿಡುವು ಸಿಕ್ಕರೆ ಬಾಗಿಲಿಗೆ ಬಂದು ಬೀದಿಯ ಆ ತುದಿ ಈ ತುದಿ ನೋಡಿ, ಒಳಗೆ ಹೋಗಿ, ಸುಮ್ಮನೆ ಇಸ್ತ್ರಿಪೆಟ್ಟಿಗೆಯ ವೈರು ಸರಿಮಾಡಿ, ಮತ್ತೆ ಬಾಗಿಲಿಗೆ ಬರುತ್ತಾರೆ. "ನಿಮ್ಮ ಕಾಲಲ್ಲಿ ಚಕ್ರ ಇದೆ ಕಣ್ರೀ, ಯಾರಿಗಾದ್ರೂ ತೋರಿಸಿ ತೆಗೆಸ್ಕೊಳ್ಳಿ" ಎಂದು ಹೆಂಡತಿ ಮದುವೆಯಾದ ಹೊಸದರಲ್ಲೇ ಹೇಳಿದ್ದರಂತೆ. ಬೀದಿಗೆಲ್ಲ ಇವರು ಮಾವ, ಹೆಂಡತಿ ಅತ್ತೆ. ಸ್ವಂತ ಮಕ್ಕಳಿಲ್ಲದ ಇಬ್ಬರಿಗೂ ಬೀದಿ ತುಂಬ ಅಳಿಯಂದಿರು, ಸೊಸೆಯರು. ಮಾವ ಇಸ್ತ್ರಿ ಮಾಡುತ್ತಾರೆ, ಅತ್ತೆ ಪಕ್ಕದ ಮೇಜಿನ ಹತ್ತಿರ ನಿಂತು ಮಡಚುತ್ತಾರೆ. ಮಡಚಿದ ಅಂಗಿಯ ಕಾಲರಿನ ಮೇಲೆ ಅತ್ತೆ ಒಂದು ಸಲ ಅಂಗೈ ಸವರಿದರೇನೇ ಅದು ಕೊಡಲು ತಯಾರಾದಂತೆ.

ಹಗಲಿಡೀ ತೆರೆದಿರುವ ಅಂಗಡಿ ಇದೊಂದೇ ಆದ್ದರಿಂದ ಬೀದಿಯ ಆನ್‌ಲೈನ್ ಪಾರ್ಸೆಲ್‌ಗಳೆಲ್ಲ ಬಂದು ಬೀಳುವುದು ಇಲ್ಲಿಗೇ. ಇದಕ್ಕೊಂದು ಪದ್ಧತಿಯೂ ಬೆಳೆದುಬಿಟ್ಟಿದೆ. ಕೆಲಸಕ್ಕೆ ಹೋದವರ ಫೋನಿಗೆ ಡೆಲಿವರಿಯ ಓಟಿಪಿ ಬರುತ್ತದೆ, ಅವರು ಅದನ್ನು ಮಾವನ ಫೋನಿಗೆ ದಾಟಿಸುತ್ತಾರೆ. ಫೋನು ಟಿಣ್ ಎಂದರೆ ಸಾಕು, ಮಾವ ಒಂದು ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡೇ ಅಂಕಿಗಳನ್ನು ಗಟ್ಟಿಯಾಗಿ ಓದುತ್ತಾರೆ, ಡೆಲಿವರಿಯವನು ಒತ್ತಿಕೊಂಡು ಪೆಟ್ಟಿಗೆ ಇಳಿಸಿ ಹೋಗುತ್ತಾನೆ. ಯಾರದ್ದು ಏನು ಎಂದು ನೋಡುವ ಗೋಜಿಗೆ ಮಾವ ಹೋಗುವುದಿಲ್ಲ. ಹೆಸರು ಓದುವುದು ಅತ್ತೆಯ ಇಲಾಖೆ. ಕನ್ನಡಕ ಮೂಗಿನ ತುದಿಗೆ ಇಳಿಸಿ, ಒಂದೊಂದನ್ನೇ ತಿರುಗಿಸಿ ಓದಿ, ಮನೆ ಮನೆಗೆ ಬೇರೆ ಮಾಡಿ ಇಡುತ್ತಾರೆ. ಸಂಜೆ ಬಟ್ಟೆ ಕೊಡಲು ಹೋಗುವಾಗ ಮಾವ ಅವನ್ನೂ ತಲುಪಿಸಿ ಬರುತ್ತಾರೆ. ಬೇರೆಯವರ ವಸ್ತು ಅಂಗಡಿಯಲ್ಲಿ ರಾತ್ರಿ ಕಳೆಯಬಾರದು ಎನ್ನುವುದು ಅವರ ಹಟ. ಕಳೆದರೆ ಅವರಿಗೆ ನಿದ್ದೆ ಹತ್ತುವುದಿಲ್ಲ.

ಅತ್ತೆಯ ಕಾಲು ಸಂಜೆಯಾದರೆ ಊದಿಕೊಳ್ಳುತ್ತಿತ್ತು. ಆಕೆ ಹೇಳಿಕೊಳ್ಳುವವರಲ್ಲ. ಮೇಜಿಗೆ ಸೊಂಟ ಆನಿಸಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುವುದನ್ನು ಮಾವ ಓರೆಗಣ್ಣಿನಲ್ಲಿ ನೋಡಿದ್ದರು. ಒಂದು ದಿನ ಅಂಗಡಿಯ ಮೇಲಿನ ಮನೆಯ ಸೊಸೆಯ ಹತ್ತಿರ ಹೋಗಿ, ಕಾಲಿಡಲು ಕಂಬಿ ಇರುವ ಎತ್ತರದ ಕುರ್ಚಿಯೊಂದನ್ನು ತಮ್ಮ ಹೆಸರು, ತಮ್ಮ ಫೋನ್ ನಂಬರು ಕೊಟ್ಟು ಗುಟ್ಟಾಗಿ ಆರ್ಡರ್ ಮಾಡಿಸಿ, ಕೂಡಿಟ್ಟ ದುಡ್ಡನ್ನು ಮುಂಗಡವಾಗಿಯೇ ಕಟ್ಟಿಸಿದರು. ಆದರೆ ಮಾವನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುತ್ತದೆಯೇ? ಸಂಜೆಗೇ ಬಾಯಿಬಿಟ್ಟರು.

"ನಾನೇನು ಮುದುಕಿ ಆದ್ನಾ? ಕೂತ್ಕೊಂಡು ಕೆಲಸ ಮಾಡೋಳನ್ನ ಕಂಡಿದ್ದೀರಾ?" ಅತ್ತೆ ಕೆಂಡವಾದರು. ಆಮೇಲೆ ದನಿ ತಗ್ಗಿಸಿ ನಿಜ ಹೇಳಿದರು. "ಅಕ್ಕ ಫೋನ್ ಮಾಡಿದ್ಲು."

ಅದು ದೊಡ್ಡ ಸುದ್ದಿಯೇ. ಅಕ್ಕ ತಂಗಿ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಈಗ ಅಕ್ಕ ತಾನಾಗಿಯೇ ಕರೆದಿದ್ದಳು. ತಿಂಗಳ ಕೊನೆಗೆ ಮಗಳ ಜೊತೆ ಸಮುದ್ರದಾಚೆಯ ಊರಿಗೆ ಹೊರಡುತ್ತೇನೆ, ಆಮೇಲೆ ನೋಡುತ್ತೇವೋ ಇಲ್ಲವೋ, ಒಂದು ಸಲ ಬಂದು ಹೋಗೇ ಎಂದಿದ್ದಳು. ದೂರದ ಪ್ರಯಾಣ, ಕೈಯಲ್ಲಿದ್ದ ದುಡ್ಡೆಲ್ಲ ಕುರ್ಚಿಗೆ ಹೋಗಿತ್ತು. ಮಾವ ಮತ್ತೆ ಮೇಲಿನ ಮನೆಗೆ ಓಡಿದರು. ಸೊಸೆ ಕುರ್ಚಿ ರದ್ದು ಮಾಡಿಸಿದಳು. "ನಿಮ್ಮ ಆರ್ಡರ್ ರದ್ದಾಗಿದೆ, ಹಣ ಹಿಂದಿರುಗಿಸಲಾಗುವುದು" ಎಂದು ಸಂದೇಶವೂ ಬಂತು. ಅತ್ತೆ ಅಂದೇ ಬ್ಯಾಗಿಗೆ ಸೀರೆ ತುಂಬಿ ಮಡಚುವ ಮೇಜಿನ ಕೆಳಗೆ ಇಟ್ಟರು.

ಎಡವಟ್ಟಾದದ್ದು ಅತ್ತೆ ಅಕ್ಕನಿಗೊಂದು ಶಾಲು ತರಲು ಪೇಟೆಗೆ ಹೋದ ದಿನ. ಮದುವೆ ಮನೆಯವರ ಬಟ್ಟೆ ರಾಶಿ ಬಿದ್ದಿತ್ತು. ಒಬ್ಬರ ಹಿಂದೆ ಒಬ್ಬರು ಡೆಲಿವರಿಯವರು ಬರುತ್ತಿದ್ದರು, ಫೋನು ಟಿಣ್ ಟಿಣ್ ಎನ್ನುತ್ತಿತ್ತು, ಮಾವ ಅಂಕಿ ಓದುತ್ತಲೇ ಇದ್ದರು. ನಡುವೆ ಯಾರೋ ಒಂದು ಭಾರೀ ಪೆಟ್ಟಿಗೆಯನ್ನು ಎಳೆದು ಒಳಗಿಟ್ಟು ಹೋದ. ಅತ್ತೆ ಬಂದವರೇ ಕನ್ನಡಕ ಇಳಿಸಿ ಓದಲು ತೊಡಗಿದರು. ದೊಡ್ಡ ಪೆಟ್ಟಿಗೆಯ ಹತ್ತಿರ ಬಂದಾಗ ಅವರ ಬೆರಳು ನಿಂತಿತು.

"ರೀ. ಇದರ ಮೇಲೆ ನಿಮ್ಮ ಹೆಸರಿದೆ."

"ನನಗ್ಯಾರು ಕಳಿಸ್ತಾರೆ?" ಎಂದ ಮಾವ ಮರುಕ್ಷಣವೇ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ತಲೆ ಚಚ್ಚಿಕೊಂಡರು. ಬೀದಿಯವರ ಅಂಕಿಗಳ ಜೊತೆ ತಮ್ಮದೇ ಫೋನಿಗೆ ಬಂದ ತಮ್ಮದೇ ಅಂಕಿಯನ್ನೂ ಗಿಳಿಪಾಠದಂತೆ ಒಪ್ಪಿಸಿಬಿಟ್ಟಿದ್ದರು.

ಕಂಪನಿಗೆ ಫೋನ್ ಮಾಡಿದರೆ ಮೊದಲು ಸಂಗೀತ, ಆಮೇಲೆ ಅದನ್ನು ಒತ್ತಿ ಇದನ್ನು ಒತ್ತಿ, ಕೊನೆಗೆ ಜೇನಿನಂಥ ದನಿಯ ಹುಡುಗಿ. "ಸಾರ್, ನಮ್ಮಲ್ಲಿ ಡೆಲಿವರಿ ಆಗಿದೆ ಅಂತ ತೋರಿಸ್ತಿದೆ."

"ಆಗಿದೆ ತಾಯಿ, ಆಗಬಾರದಿತ್ತು. ನಾವು ಬೇಡ ಅಂದಿದ್ವಿ. ನೀವೂ ಹೂಂ ಅಂದಿದ್ರಿ."

"ಆದ್ರೆ ಓಟಿಪಿ ನೀವೇ ಕೊಟ್ಟಿದ್ದೀರಲ್ಲ ಸಾರ್? ವಸ್ತು ಒಪ್ಪಿಕೊಂಡ ಮೇಲೆ ಹಣ ವಾಪಸ್ ಬರಲ್ಲ. ಇನ್ನೇನಾದ್ರೂ ಸಹಾಯ ಬೇಕಾ ಸಾರ್?"

ಮೊದಲನೆಯ ಸಹಾಯಕ್ಕೇ ಮಾವನ ಕಿವಿ ಕೆಂಪಾಗಿತ್ತು. ಮರುದಿನ ಫೋನ್ ಮಾಡಿದರೆ ಬೇರೆ ಹುಡುಗಿ, ಅದೇ ಜೇನು. ಮೂರನೆಯ ಸಲ ಒಬ್ಬ ಹುಡುಗ, ಅವನಲ್ಲಿ ಜೇನೂ ಇರಲಿಲ್ಲ.

ಪೆಟ್ಟಿಗೆ ಅಂಗಡಿಯ ನಟ್ಟನಡುವೆ ನೆಂಟನ ಹಾಗೆ ಉಳಿದುಕೊಂಡಿತು. ಮಾವ ಅದರ ಸುತ್ತ ಸುತ್ತಿದರು. ಗೋಡೆಗೆ ಸರಿಸಿದರು, ಬಾಗಿಲ ಬಳಿಗೆ ತಂದರು, ಮತ್ತೆ ಗೋಡೆಗೆ ಸರಿಸಿದರು. ಯಾರ ಪಾರ್ಸೆಲ್ ಆದರೂ ಸಂಜೆಗೆ ಒಂದು ಬಾಗಿಲು ತಟ್ಟಿ ಕೊಟ್ಟು ಬರಬಹುದು. ಇದನ್ನು ಯಾರ ಬಾಗಿಲಿಗೆ ಒಯ್ಯುವುದು? ರಾತ್ರಿ ಹಾಸಿಗೆಯಲ್ಲಿ ಹೊರಳಾಡುವುದೇ ಆಯಿತು. ಬೆಳಗಾದರೆ ಒಂದು ಅಂಗಿಯ ತೋಳು ಸೀದಿರುತ್ತಿತ್ತು, ಇಲ್ಲವೇ ಒಬ್ಬರ ಪ್ಯಾಂಟು ಇನ್ನೊಬ್ಬರ ಮನೆ ಸೇರಿರುತ್ತಿತ್ತು. ಬೀದಿಯವರ ಸಲಹೆಗಂತೂ ಬರವಿರಲಿಲ್ಲ. "ಬಂದಿದ್ದು ಬಂತು, ಬಿಚ್ಚಿ ಕೂತ್ಕೊಳ್ಳಿ ಅತ್ತೆ" ಎಂದು ಬಂದವರೆಲ್ಲ ಹೇಳಿದರು. ಅತ್ತೆ ಬೈದಿದ್ದರೆ ಮಾವನಿಗೆ ಹಾಯಾಗಿರುತ್ತಿತ್ತು. ಆಕೆ ಸುಮ್ಮನೆ ನಿಂತು ಮಡಚುತ್ತಿದ್ದರು, ಆಗಾಗ ಪಾದದಿಂದ ಮೇಜಿನ ಕೆಳಗಿನ ಬ್ಯಾಗನ್ನು ಮುಟ್ಟಿ ನೋಡುತ್ತಿದ್ದರು. ಅಕ್ಕನ ಫೋನು ಬಂದರೆ "ಬರ್ತೀನಿ ಕಣೇ, ಸ್ವಲ್ಪ ಕೆಲಸ ಜಾಸ್ತಿ" ಎನ್ನುತ್ತಿದ್ದರು. ಆ ಸುಳ್ಳು ಕೇಳಿದಾಗೆಲ್ಲ ಮಾವನಿಗೆ ತನ್ನ ನಾಲಿಗೆಯನ್ನೇ ಇಸ್ತ್ರಿ ಮಾಡಿಬಿಡಬೇಕು ಅನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ತಡೆಯಲಾರದೆ ಪೆಟ್ಟಿಗೆಯ ಟೇಪಿನ ಅಂಚಿಗೆ ಉಗುರು ಹಾಕಿದರು. ದುಡ್ಡು ಹೇಗೂ ಹೋಯಿತು, ಅವಳ ಕಾಲಾದರೂ ಉಳಿಯಲಿ ಎಂದು. ಅಷ್ಟರಲ್ಲಿ ಕರಿಕೋಟು ಒಯ್ಯಲು ಅದೇ ಬೀದಿಯ ವಕೀಲಮ್ಮ ಬಂದರು. ಪೆಟ್ಟಿಗೆಯ ಸುದ್ದಿ ಅಷ್ಟಿಷ್ಟು ಅವರ ಕಿವಿಗೂ ಬಿದ್ದಿತ್ತು.

"ಕೈ ತೆಗೀರಿ ಮಾವ!"

ಕಳ್ಳನ ಹಾಗೆ ಬೆಚ್ಚಿಬಿದ್ದ ಮಾವ ಎಲ್ಲವನ್ನೂ ಒಪ್ಪಿಸಿದರು. ವಕೀಲಮ್ಮ ಫೋನಿನಲ್ಲಿದ್ದ ರದ್ದಿನ ಸಂದೇಶವನ್ನು ಓದಿದರು. "ಇದನ್ನ ಅಳಿಸಬೇಡಿ. ರದ್ದಾಯ್ತು ಅಂತ ಅವರೇ ಒಪ್ಪಿಕೊಂಡ ಮೇಲೆ ಕಳಿಸಿದ್ದು ಅವರ ತಪ್ಪು. ನೀವು ಅಭ್ಯಾಸಬಲದಿಂದ ಓಟಿಪಿ ಹೇಳಿದ ಮಾತ್ರಕ್ಕೆ ಮತ್ತೆ ಕೊಂಡ ಹಾಗೆ ಆಗಲ್ಲ. ಅದನ್ನೇ ವಾದ ಮಾಡೋಣ. ಆದ್ರೆ ಬಿಚ್ಚಿ ಕೂತ್ರೆ ಬೇಕಿತ್ತು ಅಂತಾಗುತ್ತೆ. ಮುಟ್ಟದೆ ಜೋಪಾನವಾಗಿಡಿ, ಬಂದು ತಗೊಂಡು ಹೋಗಿ ಅಂತ ಬರೆದು ತಿಳಿಸಿ. ಫೋನ್ ಮಾಡಿದ್ದು ಸಾಕು, ಇನ್ನು ಎಲ್ಲಾ ಬರವಣಿಗೆಯಲ್ಲಿ. ಕೇಳದೆ ಇದ್ರೆ ಗ್ರಾಹಕರ ಆಯೋಗಕ್ಕೆ ಹೋಗೋಣ."

"ನಂದೂ ತಪ್ಪಿದೆಯಲ್ಲ ತಾಯಿ?"

"ಇದೆ. ಅದಕ್ಕೆ ಅತ್ತೆ ಶಿಕ್ಷೆ ಕೊಡ್ತಿದ್ದಾರಲ್ಲ" ಎಂದು ವಕೀಲಮ್ಮ ನಕ್ಕರು. ಪೆಟ್ಟಿಗೆ ಬಂದ ಮೇಲೆ ಮೊದಲ ಸಲ ಅತ್ತೆಯ ತುಟಿಯೂ ನಗುವಿಗೆ ಅಲುಗಿತು.

ಮೇಲಿನ ಮನೆಯ ಸೊಸೆ ದೂರು ಬರೆದು ಕಳಿಸಿದಳು. ಕಂಪನಿಯಿಂದ ಅದೇ ಹಳೆಯ ಉತ್ತರ ಬಂತು. ವಕೀಲಮ್ಮ ತಮ್ಮ ಹೆಸರಿನಲ್ಲಿ ಒಂದು ಖಾರವಾದ ನೋಟಿಸು ಕಳಿಸಿದರು. ಆಮೇಲೆ ಬರೀ ಕಾಯುವುದು. ಮಾವನಿಗೆ ಕಾಯುವ ಕೆಲಸವೊಂದು ಬರುವುದಿಲ್ಲ. ಫೋನು ಟಿಣ್ ಎಂದರೆ ಇಸ್ತ್ರಿ ನಿಲ್ಲಿಸಿ ಹಾರಿ ಎತ್ತಿಕೊಳ್ಳುತ್ತಿದ್ದರು. ನೋಡಿದರೆ ಯಾರದೋ ಓಟಿಪಿ. ಈಗ ಅವರು ಹೆಸರು ಕೇಳದೆ ಒಂದಂಕಿಯನ್ನೂ ಓದುತ್ತಿರಲಿಲ್ಲ. "ಏನ್ ಮಾವ, ಪೊಲೀಸ್ ತನಿಖೆನಾ?" ಎಂದು ಡೆಲಿವರಿಯವರು ಗೊಣಗುತ್ತಿದ್ದರು.

ತಿಂಗಳು ಮುಗಿಯಲು ಬಂದಿತ್ತು. ಅಕ್ಕ ಫೋನಿನಲ್ಲಿ "ಬರದೇ ಇದ್ರೆ ಬೇಡ ಬಿಡು" ಎಂದುಬಿಟ್ಟಳು. ಅತ್ತೆ ಮೇಜಿನ ಕೆಳಗಿನಿಂದ ಬ್ಯಾಗನ್ನು ಎಳೆದು, ಸೀರೆಗಳನ್ನು ಹೊರಗೆ ತೆಗೆಯತೊಡಗಿದರು. ಅದನ್ನು ನೋಡಲಾಗದೆ ಮಾವ ಬಾಗಿಲಿಗೆ ಹೋಗಿ ನಿಂತರು. ಆಗ ಫೋನು ಟಿಣ್ ಎಂದಿತು. ಹಣ ಜಮೆಯಾಗಿತ್ತು. ಜೊತೆಗೆ, ವಸ್ತುವನ್ನು ಒಯ್ಯಲು ನಮ್ಮವರು ಬರುತ್ತಾರೆ, ಅನಾನುಕೂಲಕ್ಕೆ ವಿಷಾದಿಸುತ್ತೇವೆ ಎಂದು ಬರೆದಿತ್ತು.

"ಒಳಗೆ ಹಾಕೇ ಸೀರೇನ!" ಎಂದು ಮಾವ ಕೂಗಿದ ಕೂಗು ಬೀದಿಯ ಕೊನೆಗೂ ಕೇಳಿಸಿತು. ಅಂದು ಸಂಜೆಯ ರೈಲಿಗೇ ಅತ್ತೆ ಹೊರಟರು.

ಒಬ್ಬರೇ ಉಳಿದ ಮಾವ ಇಸ್ತ್ರಿಯನ್ನೂ ಮಾಡಿದರು, ಮಡಚಿದರು, ಹೆಸರುಗಳನ್ನೂ ಓದಿದರು. ಮಡಚುವ ಮೇಜಿನ ಹತ್ತಿರ ನಿಂತಾಗಲೇ ಅವರಿಗೆ ಗೊತ್ತಾದದ್ದು: ಅಲ್ಲಿ ನಿಂತವರಿಗೆ ಓಡಾಡಲು ಜಾಗವೇ ಇಲ್ಲ. ಇಷ್ಟು ವರ್ಷ ನಾನು ಬಾಗಿಲಿಗೂ ಬೀದಿಗೂ ಸುತ್ತಾಡಿಕೊಂಡಿದ್ದೆ, ಇವಳು ಒಂದೇ ಜಾಗದಲ್ಲಿ ನೆಟ್ಟ ಹಾಗೆ ನಿಂತಿದ್ದಳು. ಮಾವನಿಗೆ ನಾಚಿಕೆಯಾಯಿತು.

ಪೆಟ್ಟಿಗೆ ಒಯ್ಯುವವನು ಬಂದಾಗ ಅವರಿಗೆ ಹಬ್ಬದಷ್ಟು ಸಂತೋಷ. ತಾವೇ ಒಂದು ಕಡೆ ಹಿಡಿದು ಗಾಡಿಗೆ ಏರಿಸಿದರು. ಅಷ್ಟರಲ್ಲಿ ಅತ್ತೆಯ ಫೋನು.

"ರೀ, ಆ ಕುರ್ಚಿ ಹೋಯ್ತಾ?"

"ಗಾಡಿ ಹತ್ತಿದೆ. ಯಾಕೆ?"

"ಇಲ್ಲಿ ಅಕ್ಕ ಅಡುಗೆಮನೆಯಲ್ಲಿ ಅಂಥದ್ದೇ ಒಂದನ್ನ ಇಟ್ಕೊಂಡಿದ್ದಾಳೆ. ಬಲವಂತ ಮಾಡಿ ಕೂರಿಸಿದ್ಲು. ಇಬ್ಬರೂ ಅತ್ತಿದ್ದು ನಕ್ಕಿದ್ದು ಎಲ್ಲಾ ಅದರ ಮೇಲೇನೇ. ಸಂಜೆ ಕಾಲು ನೋಡ್ಕೊಂಡೆ ಕಣ್ರೀ. ಊದಿರಲಿಲ್ಲ."

ಮಾವ ಗಾಡಿಯವನ ತೋಳು ಹಿಡಿದರು. "ತಮ್ಮಾ, ಇದನ್ನ ನಾನೇ ಕೊಂಡ್ಕೋಬಹುದಾ?"

"ತಗೊಂಡು ಬಾ ಅಂತ ಹೇಳಿದ್ದಾರೆ ಮಾವ, ಮಾರಿ ಬಾ ಅಂತ ಹೇಳಿಲ್ಲ" ಎಂದು ಅವನು ಗಾಡಿಯ ಬಾಗಿಲು ಹಾಕಿದ.

"ಹೋಗ್ಲಿ ಬಿಡಿ" ಎಂದರು ಅತ್ತೆ ಫೋನಿನಲ್ಲಿ. "ಊರಿನವರದ್ದೆಲ್ಲ ಮನೆ ಮುಟ್ಟಿಸ್ತೀರಿ. ನಂದೊಂದು ಬಂತು, ಅದನ್ನ ಓಡಿಸಿದ್ವಿ." ನಗುತ್ತಲೇ ಹೇಳಿದರು. ಆದರೂ ಮಾತು ಮಾವನಿಗೆ ನಾಟಿತು. ಗಾಡಿ ತಿರುವು ದಾಟಿದ ಮೇಲೂ ಅವರು ಬೀದಿಯಲ್ಲೇ ನಿಂತಿದ್ದರು.

ಅಂದೇ ಅವರು ಪಕ್ಕದ ಬೀದಿಯ ಲಾಡ್ಜಿನವನ ಹತ್ತಿರ ಹೋಗಿ, ಇಷ್ಟು ದಿನ ಬೇಡವೇ ಬೇಡ ಎನ್ನುತ್ತಿದ್ದ ಬೆಡ್‌ಶೀಟುಗಳ ಇಸ್ತ್ರಿ ಕೆಲಸವನ್ನು ಒಪ್ಪಿಕೊಂಡರು. ಅಲ್ಲಿಂದ ಸೀದಾ ಮೇಲಿನ ಮನೆಗೆ. "ಅದೇ ಕುರ್ಚಿ ಮತ್ತೆ ಹೇಳಮ್ಮಾ. ವಸ್ತು ಬಂದಾಗ ದುಡ್ಡು ಕೊಡೋ ಥರ. ಹೆಸರು ಮಾತ್ರ ನಂದು ಬೇಡ, ಅತ್ತೇದು ಹಾಕು."

ಅತ್ತೆ ಅಕ್ಕನನ್ನು ಬೀಳ್ಕೊಟ್ಟು ಬಂದ ದಿನ ಅಂಗಡಿಯಲ್ಲಿ ಪಾರ್ಸೆಲ್‌ಗಳು ಗುಡ್ಡೆಯಾಗಿದ್ದವು. ಮಾವ ಬೆನ್ನು ತಿರುಗಿಸಿ ಬೆಡ್‌ಶೀಟು ಉಜ್ಜುತ್ತಿದ್ದರು. ಗುಟ್ಟನ್ನು ಈ ಸಲ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದರು, ಹೇಗೆ ಇಟ್ಟುಕೊಂಡರೋ ಅವರಿಗೇ ಗೊತ್ತು. ಅತ್ತೆ ಬ್ಯಾಗು ಕೆಳಗಿಟ್ಟು, ಕನ್ನಡಕ ಇಳಿಸಿ, ಎಂದಿನಂತೆ ಹೆಸರುಗಳನ್ನು ಓದತೊಡಗಿದರು. ಮೂಲೆಮನೆಯದ್ದು. ವಕೀಲಮ್ಮನದ್ದು. ಮೇಲಿನ ಮನೆಯದ್ದು. ಆಮೇಲೆ ದನಿ ನಿಂತಿತು.

ಮಾವ ತಿರುಗಿ ನೋಡಲಿಲ್ಲ. ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಜೀವನದಲ್ಲಿ ಮೊದಲ ಸಲ ಅಲುಗಾಡದೆ ನಿಂತರು. ಹಿಂದಿನಿಂದ ಟೇಪು ಕಿತ್ತ ಸದ್ದು ಕೇಳಿಸಿತು.